ಕಪ್ಪು ನಾಲಿಗೆಯ ಭಕ್ತೆ

ಬಾಯಿಗೆ ಹಾಕಿಕೊಂಡ ಮೇಲೆ ವೆನಿಸಾಗೆ ಗೊತ್ತಾಯಿತು, ಅದು ಸ್ಟ್ರಾಬೆರಿ ಕ್ಯಾಂಡಿ ಅಲ್ಲ. ಲಾಕ್ರಿಟ್ಸ್! ಇಲ್ಲಿ ಸ್ವೀಡನ್ನಿನಲ್ಲಿ ಎಲ್ಲರೂ ಚಪ್ಪರಿಸಿ ತಿನ್ನುವ, ಉಪ್ಪುಪ್ಪು ಕಪ್ಪು ಕ್ಯಾಂಡಿ.

ಉಗುಳೋಣವೆಂದರೆ ಚರ್ಚಿನಲ್ಲಿ ಪೂಜೆ ನಡೆಯುತ್ತಿದೆ, ಪಕ್ಕದಲ್ಲೇ ಮಮ್ಮಿ ಇದ್ದಾರೆ. ನುಂಗೋಣವೆಂದರೆ ಅದು ಹಲ್ಲಿಗೆ ಅಂಟಿಕೊಂಡಿದೆ. ಕಣ್ಣಿಂದ ನೀರು ದಳದಳ ಸುರಿಯಿತು.

ಈಸ್ಟರ್ ಬರುವವರೆಗೆ ಕ್ಯಾಂಡಿ ಮುಟ್ಟುವುದಿಲ್ಲ ಎಂದು ತಪಸ್ಸುಕಾಲದ ಮೊದಲ ದಿನವೇ ಅವಳು ಎಲ್ಲರಿಗೂ ಸಾರಿದ್ದಳು. ತಮ್ಮ ಡೆರಿಕ್ ಒಂದು ಚಾಕಲೇಟ್ ತಿಂದರೂ "ಜೀಸಸ್ ನೋಡ್ತಿದ್ದಾರೆ" ಎಂದು ಹೆದರಿಸುತ್ತಿದ್ದಳು. ಈಗ ಅವನದೇ ಜಾಕೆಟ್ ಜೇಬಿಗೆ ಕೈ ಹಾಕಿದ್ದಳು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ!

ಪೂಜೆ ಮುಗಿದು ಎಲ್ಲರೂ ಕಾಫಿಗೆ ಸೇರಿದಾಗ ಸ್ಟೆಫನಿ ಆಂಟಿ ಓಡಿ ಬಂದರು.

"ಲೂಸಿ, ನಿನ್ ಮಗಳನ್ನ ನೋಡು! ಫಾದರ್ ಏಸುವಿನ ಕಷ್ಟ ಹೇಳ್ತಿದ್ರೆ ಎಷ್ಟು ಅಳ್ತಿದ್ಳು! ನಮ್ ಜೋಯಲ್ ಗೊರಕೆ ಹೊಡೀತಿದ್ದ."

ಆಂಟಿ ಫೋಲ್ಡಿಂಗ್ ಮೊಬೈಲ್ ತೆರೆದರು. "ಸ್ಮೈಲ್ ಮಾಡು ಪುಟ್ಟಾ, ಫೋಟೋ ಮಂಗಳೂರಿಗೆ ಕಳಿಸ್ತೀನಿ."

ವೆನಿಸಾ ತುಟಿ ಬಿಗಿದುಕೊಂಡಳು. ನಕ್ಕರೆ ಕಪ್ಪು ಹಲ್ಲು ಕಾಣುತ್ತದಲ್ಲ!

"ಎಷ್ಟು ಸೀರಿಯಸ್ ಮಗು!" ಆಂಟಿ ಕರಗಿಹೋದರು.

ಫಾದರ್ ಅಂತೋನಿಯೂ ಬಂದರು. "ವೆನಿಸಾ, ಈ ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆಗೆ ಶಿಲುಬೆ ಹಿಡ್ಕೊಂಡು ಎಲ್ಲರ ಮುಂದೆ ನೀನೇ ನಡೀಬೇಕು. ಆಯ್ತಾ?"

ಎರಡು ವರ್ಷದಿಂದ ಅವಳು ಕಾಯುತ್ತಿದ್ದ ಮಾತು! ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಡೆರಿಕ್ ಜೇಬುಗಳನ್ನೆಲ್ಲ ತಡಕುತ್ತಾ, "ನನ್ ಲಾಸ್ಟ್ ಲಾಕ್ರಿಟ್ಸ್ ಎಲ್ಲೋ ಬಿದ್ದೋಯ್ತು ಮಮ್ಮೀ" ಎಂದು ಮುಖ ಸಣ್ಣ ಮಾಡಿದ.

ವೆನಿಸಾ ತಮ್ಮನ ಮುಖ ನೋಡಿದಳು. ನಾಲಿಗೆಯನ್ನು ಉದ್ದಕ್ಕೆ ಚಾಚಿದಳು.

ಸ್ಟೆಫನಿ ಆಂಟಿ ಕಿಟಾರನೆ ಕಿರುಚಿದರು. "ಅಯ್ಯೋ, ಆಂಬುಲೆನ್ಸ್ ಕರೀರಿ!"

"ಲಾಕ್ರಿಟ್ಸ್ ಆಂಟಿ," ಎಂದಳು ವೆನಿಸಾ. "ಡೆರಿಕ್‌ದು. ನಾನೇ ಕದ್ದೆ. ಅದಕ್ಕೇ ಕಣ್ಣಲ್ಲಿ ನೀರು ಬಂದಿದ್ದು ಫಾದರ್."

ಫಾದರ್ ನಗು ತಡೆಯಲಾರದೆ ಕೆಮ್ಮಿದರು. ಆಮೇಲೆ ಅವಳ ಎತ್ತರಕ್ಕೆ ಬಗ್ಗಿದರು. "ನೀನೇ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಈ ಸಲ ಶಿಲುಬೆ ಡೆರಿಕ್ ಹಿಡೀಲಿ. ನೀನು ಎಲ್ಲರಿಗಿಂತ ಹಿಂದೆ ನಡಿ. ಒಪ್ಪಿಗೇನಾ?"

ವೆನಿಸಾಗೆ ತುಂಬಾ ದುಃಖವಾಯಿತು. ಆದರೂ "ಹೂಂ" ಎಂದಳು.

ಶುಕ್ರವಾರ ಡೆರಿಕ್ ಶಿಲುಬೆ ಹಿಡಿದು ಸೆಟೆದುಕೊಂಡು ಹೊರಟ. ಎರಡು ಸಲ ಕಂಬಕ್ಕೆ ಗುದ್ದಿದ. ಗೋಡೆಯಲ್ಲಿದ್ದ ಏಸುವಿನ ಕಷ್ಟದ ಹದಿನಾಲ್ಕು ಚಿತ್ರಗಳಲ್ಲಿ ಒಂದೊಂದರ ಮುಂದೆಯೂ ನಿಂತು ಎಲ್ಲರೂ ಪ್ರಾರ್ಥಿಸಬೇಕಿತ್ತು. ವೆನಿಸಾ ಕಟ್ಟಕಡೆಯಲ್ಲಿದ್ದಳು. ಫಾದರ್‌ಗೆ ಇನ್ನು ತನ್ನನ್ನು ಕಂಡರಾಗುವುದಿಲ್ಲ ಎಂದುಕೊಂಡಿದ್ದಳು.

ಮೂರನೆಯ ಚಿತ್ರದ ಹತ್ತಿರ ಅವಳ ಬೂಟಿನ ಲೇಸ್ ಬಿಚ್ಚಿಕೊಂಡಿತು. ಕೂತು ಕಟ್ಟಿದಳು. ಗಂಟು ಬೀಳಲಿಲ್ಲ, ಮತ್ತೆ ಕಟ್ಟಿದಳು. ತಲೆ ಎತ್ತಿದರೆ ಎಲ್ಲರೂ ನಾಲ್ಕನೆಯ ಚಿತ್ರದ ಮುಂದೆ ಸುಮ್ಮನೆ ನಿಂತಿದ್ದರು. ಜೋಯಲ್ ಆಕಳಿಸುತ್ತಿದ್ದ. ಡೆರಿಕ್ ಶಿಲುಬೆಯ ಭಾರಕ್ಕೆ ವಾಲುತ್ತಿದ್ದ. ಫಾದರ್ ಪುಸ್ತಕ ತೆರೆದುಕೊಂಡು, ಕತ್ತು ಉದ್ದ ಮಾಡಿ ಹಿಂದಕ್ಕೇ ನೋಡುತ್ತಿದ್ದರು.

ವೆನಿಸಾ ಓಡಿ ಬಂದು ಕಡೆಯಲ್ಲಿ ಸೇರಿಕೊಂಡಳು.

"ಹಾಂ, ಬಂದ್ಳು," ಎಂದರು ಫಾದರ್. ಆಮೇಲೇ ಪ್ರಾರ್ಥನೆ ಶುರು ಮಾಡಿದರು.

ವೆನಿಸಾ ಅಷ್ಟು ಹಿಂದಿನಿಂದಲೂ ಎಲ್ಲರಿಗೂ ಕೇಳುವಷ್ಟು ಜೋರಾಗಿ "ಆಮೆನ್" ಎಂದಳು.