ಕಾಮೆಂಟ್ರಿ ಟೇಬಲ್ಲಿನ ಇಬ್ಬರು

ಸೇಡಂನಲ್ಲಿ ಅಂತರ ಕಾಲೇಜು ಕಬಡ್ಡಿ ಶುರುವಾದ ಮೊದಲ ದಿನವೇ ಸಾಯಿರಾಗೆ ಪಕ್ಕದ ಮೈಕಿನ ಆ ಮನುಷ್ಯನ ಮೇಲೆ ಸಿಟ್ಟು ಬಂತು.

ಅವಳು ಬಾಯಿ ತೆರೆದಾಗಲೆಲ್ಲ ಅವನು ತನ್ನ ಮೈಕ್ ಆಫ್ ಮಾಡಿ ಮುಖ ಆಚೆ ತಿರುಗಿಸುತ್ತಿದ್ದ. ಒಂದೇ ಪಂದ್ಯದಲ್ಲಿ ಒಂಬತ್ತು ಸಲ. ಅವಳು ಎಣಿಸಿದ್ದಳು. ಅಂಕಿ ಅಂಶ ಬರೆದುಕೊಂಡು ಓದುವುದೇ ಅಲ್ಲಿ ಅವಳ ಕೆಲಸ.

ದೈಹಿಕ ಶಿಕ್ಷಣದ ಸಂಗಮೇಶ್ವರ ಸರ್ ಎರಡು ವರ್ಷದ ಹಿಂದೆ ಒಂದು ಲ್ಯಾಪ್‌ಟಾಪ್, ಒಂದು ಸೌಂಡ್ ಮಿಕ್ಸರ್, ಎರಡು ಮೈಕು ಇಟ್ಟುಕೊಂಡು ‘ಮೈದಾನ ರೇಡಿಯೋ’ ಅಂತ ಇಂಟರ್ನೆಟ್‌ನಲ್ಲಿ ಪ್ರಸಾರ ಆರಂಭಿಸಿದ್ದರು. ಆಡಕಿ ಊರಿನ ಹೊಲದಲ್ಲಿದ್ದವರು, ಪುಣೆಗೆ ದುಡಿಯಲು ಹೋದವರು, ಎಲ್ಲರೂ ಫೋನಿನಲ್ಲಿ ತಮ್ಮ ತಾಲೂಕಿನ ಆಟ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಕೇಳುತ್ತಿದ್ದದ್ದು ಆ ಮನುಷ್ಯನ, ಶಾಹನವಾಜನ, ದನಿಯನ್ನು. ಒಂದು ಕಾಲದಲ್ಲಿ ವಿಶ್ವವಿದ್ಯಾಲಯದ ರೈಡರ್ ಆಗಿದ್ದ ಅವನು, ಆಮೇಲೆ ಶಹಾಬಾದಿನ ಫರಸಿ ಕಲ್ಲಿನ ಪಾಲಿಶ್ ಯಾರ್ಡ್ ಸೇರಿದ್ದ. ಟೂರ್ನಿ ಬಂದಾಗ ಮಾತ್ರ ಮೈಕಿನ ಮುಂದೆ ಕೂರುತ್ತಿದ್ದ.

ಊಟದ ಬಿಡುವಿನಲ್ಲಿ ಸಾಯಿರಾ ನೇರವಾಗಿ ಕೇಳಿಯೇಬಿಟ್ಟಳು. “ನಾ ಮಾತಾಡಿದ್ರ ನಿಮಗ ಅಷ್ಟು ಬ್ಯಾಸರಾ ಏನ್ರಿ?”

ಅವನು ನಕ್ಕ. ರೆಪ್ಪೆಗಳು ಉದ್ದ, ಕಣ್ಣಿನ ಕೆಳಗೆ ಕಪ್ಪು. “ಇಲ್ರಿ. ನೀವು ಮಾತಾಡಿದ್ರನ ನನಗ ಆರಾಮ.”

ಇವಳಿಗೆ ಇನ್ನಷ್ಟು ಉರಿಯಿತು.

ಮರುದಿನ ಅವನು ಮೈಕ್ ಆಫ್ ಮಾಡಲು ಮರೆತ. ಅವಳ ಹೆಡ್‌ಫೋನಿನೊಳಗೆ ಒಂದು ಕೆಮ್ಮು ಬಂತು. ಒಣ ಕೆಮ್ಮು, ನಿಲ್ಲುವ ಲಕ್ಷಣವೇ ಇಲ್ಲ. ಸಾಯಿರಾ ಮಿಕ್ಸರ್ ಮೇಲೆ ಅವನ ದನಿಯನ್ನು ಪೂರ್ತಿ ಇಳಿಸಿ, ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ರೈಡರ್‌ನ ಊರು, ಅವನ ಹರಿದ ಶೂ, ಕುರಕುಂಟಾದಿಂದ ಟ್ರ್ಯಾಕ್ಟರಿನಲ್ಲಿ ಬಂದ ಹುಡುಗಿಯರ ಗದ್ದಲ. ಮೂರು ನಿಮಿಷ. ಆಮೇಲೆ ತಿರುಗಿ ನೋಡಿದರೆ ಅವನು ಹಣೆಯನ್ನು ಟೇಬಲ್ಲಿಗೆ ಒತ್ತಿ ಕೂತಿದ್ದ.

“ಯಾವಾಗಿಂದ?” ಅವಳು ಪಿಸುಗುಟ್ಟಿದಳು.

“ಲೈವ್ ಅದ. ಆಟ ನೋಡ್ರಿ.”

ಅಂದಿನಿಂದ ಮಾತಿಲ್ಲದೆ ಒಂದು ಒಪ್ಪಂದವಾಯಿತು. ಉಸಿರು ಸಿಕ್ಕಿಕೊಂಡರೆ ಅವನು ಎರಡು ಬೆರಳಿನಿಂದ ಟೇಬಲ್ ಮುಟ್ಟುತ್ತಿದ್ದ. ಅವಳು ಅವನ ವಾಕ್ಯವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದಳು. ಕೇಳುವವರಿಗೆ ಒಂದಿಷ್ಟೂ ಗೊತ್ತಾಗಲಿಲ್ಲ. ಜೋಡಿ ಭಾಳ ಚೊಲೋ ಅದ ಅಂತ ಕಮೆಂಟ್‌ಗಳು ಬಂದವು. ಓದುವಾಗ ಸಾಯಿರಾ ಕಿವಿ ಕೆಂಪಾಗಿ, ದುಪಟ್ಟಾ ಸರಿ ಮಾಡಿಕೊಂಡಳು.

ಚಿತ್ತಾಪುರದಲ್ಲಿ ಖೋಖೋ, ಚಿಂಚೋಳಿಯಲ್ಲಿ ವಾಲಿಬಾಲ್. ಊರಿಂದ ಊರಿಗೆ ಮಿಕ್ಸರ್ ಹೊತ್ತುಕೊಂಡು ತಿರುಗಿದರು. ಇಬ್ಬರ ಮನೆಯಲ್ಲೂ ದಖನಿ ಉರ್ದು ಮಾತು. ಆದರೆ ಮೈಕಿನ ಮುಂದೆ ಶುರುವಾದ ಕನ್ನಡವೇ ಅವರಿಬ್ಬರ ನಡುವೆ ಉಳಿದುಬಿಟ್ಟಿತು.

“ನಿಮ್ಮ ಲೆಕ್ಕದಾಗ ನನ್ನ ಹೆಸರೂ ಅದ ಏನ್ರಿ?” ಚಿಂಚೋಳಿಯಲ್ಲಿ ಅವನು ಕೇಳಿದ.

“ಅದ. ಇವತ್ತ ಹದಿನಾಲ್ಕು ಸಲ ನನ್ನ ಕಡಿ ನೋಡೀರಿ.”

“ಹದಿನೈದು. ಒಂದು ಸಲ ನೀವು ಪಾಯಿಂಟ್ ಬರಿಲಿಕತ್ತಿದ್ರಿ.”

ಪೆನ್ನು ಅವಳ ಕೈಯಲ್ಲೇ ನಿಂತಿತು. ಆ ಸೆಟ್ಟಿನಲ್ಲಿ ಎರಡು ಪಾಯಿಂಟ್ ಬರೆಯುವುದು ತಪ್ಪಿಹೋಯಿತು.

ಅವನು ನಿಜ ಹೇಳಿದ್ದು ವಾಡಿ ಸ್ಟೇಷನ್ನಿನಲ್ಲಿ. ಮಧ್ಯಾಹ್ನ, ಗಾಡಿ ಲೇಟು. ಓವರ್‌ಬ್ರಿಜ್ ಹತ್ತಿ ಇಳಿಯುವಷ್ಟರಲ್ಲಿ ಅವನು ನಾಲ್ಕು ಕಡೆ ನಿಂತಿದ್ದ. ಬೆಂಚಿನ ಮೇಲೆ ಕೂತು, ಚಹಾ ಮುಟ್ಟದೆ, ರೈಲು ಹಳಿ ನೋಡುತ್ತ ಹೇಳಿದ.

“ಎಕ್ಸರೇದಾಗ ಎದಿ ಎರಡೂ ಕಡಿ ಬೆಳ್ಳಗ ಕಾಣ್ತದ. ಆರು ವರ್ಷ ಕುಡಿದ ಕಲ್ಲಿನ ಪುಡಿ. ಒಳಗ ಹೋಗಿದ್ದು ಹೊರಗ ಬರಂಗಿಲ್ಲಂತ.”

“ಮತ್ತ ಯಾರ್ಡ್?”

“ಬಿಟ್ಟು ಮೂರು ತಿಂಗಳಾತು.”

“ಡಾಕ್ಟರ್ ಎಷ್ಟು…” ಅವಳಿಗೆ ಮುಗಿಸಲಾಗಲಿಲ್ಲ.

“ಒಂದು ವರ್ಷ ಅಂದಾರ. ಭಾಳಂದ್ರ ಎರಡು.” ಈಗ ಅವಳ ಕಡೆ ತಿರುಗಿದ. “ಮುಂದಿನ ಸೀಜನ್‌ಗೆ ಬ್ಯಾರೆ ಯಾರದರ ಬಾಜೂ ಕುಂದ್ರಿ, ಸಾಯಿರಾ. ನನಗೇನೂ ಅನಸಂಗಿಲ್ಲ.”

“ನಾ ಎಲ್ಲಿ ಕುಂದರಬೇಕು ಅಂತ ನೀವು ಹೇಳಬ್ಯಾಡ್ರಿ!”

ಗಾಡಿ ಬಂತು. ಅವಳು ಹೆಂಗಸರ ಡಬ್ಬಿ ಹತ್ತಿದಳು. ಕಿಟಕಿಯ ಕಂಬಿಗೆ ಮುಖ ಒತ್ತಿಕೊಂಡು ಚಿತ್ತಾಪುರದವರೆಗೂ ಅತ್ತಳು. ಆಮೇಲೆ ಒಂದು ವಾರ ಮೈಕಿನಲ್ಲಿ ಬಿಟ್ಟರೆ ಅವನ ಜೊತೆ ಮಾತಾಡಲಿಲ್ಲ.

ಮಹಿಳಾ ಕಬಡ್ಡಿ ಫೈನಲ್ ಶಹಾಬಾದಿನಲ್ಲಿ. ಸೇಡಂ ಮತ್ತು ಚಿಂಚೋಳಿ. ಕೇಳುಗರ ಸಂಖ್ಯೆ ಸಾವಿರದ ಮುನ್ನೂರು ದಾಟಿತ್ತು. ಕೊನೆಯ ನಾಲ್ಕು ನಿಮಿಷ, ಸ್ಕೋರು ಸಮ. ಚಿಂಚೋಳಿಯ ಲಕ್ಷ್ಮಿ ರೈಡಿಗೆ ಹೊರಟಳು. “ಲಕ್ಷ್ಮಿ ಗೆರೆ ದಾಟಿದಳು, ಎಡಗಡೆ ಸರಿದಳು, ಈಗ…” ಎಂದ ಶಾಹನವಾಜ ಮುಂದಿನ ಮಾತು ಆಡಲಿಲ್ಲ. ಟೇಬಲ್ ಮುಟ್ಟಲೂ ಇಲ್ಲ. ಕುರ್ಚಿಯಿಂದ ಜಾರಿದ. ತುಟಿ ನೀಲಿಯಾಗಿತ್ತು.

ಸಂಗಮೇಶ್ವರ ಸರ್ ಓಡಿ ಬಂದು ಅವನನ್ನು ಎತ್ತಿಕೊಂಡರು. ಸಾಯಿರಾ ಎದ್ದು ನಿಂತಳು. ಅವನು ಕೈ ಬೀಸಿ, ಅವಳ ಕುರ್ಚಿ ತೋರಿಸಿದ. ಕೂರು ಅಂತ.

ಅವಳು ಕೂತಳು. ಸರ್ ಅವನನ್ನು ಕಾರಿಗೆ ಹಾಕಿಕೊಂಡು ಕಲಬುರಗಿಗೆ ಹೊರಟರು.

“ಶಾಹನವಾಜ ಅವರು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ,” ಎಂದಳು. ನಾಲ್ಕೂ ನಿಮಿಷ, ಒಂದೊಂದು ರೈಡೂ ಬಿಡದೆ, ದನಿ ಒಡೆಯದೆ ಹೇಳಿದಳು. ಚಿಂಚೋಳಿ ಒಂದು ಪಾಯಿಂಟಿನಿಂದ ಗೆದ್ದಿತು. ಮೈದಾನವೆಲ್ಲ ಕುಣಿಯುತ್ತಿದ್ದಾಗ ಅವಳು ಲ್ಯಾಪ್‌ಟಾಪ್ ಮುಚ್ಚದೆಯೇ ಗೇಟಿನ ಕಡೆ ಓಡಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವನು ಆಕ್ಸಿಜನ್ ಮಾಸ್ಕ್ ಸರಿಸಿ ಅಂದದ್ದು ಇಷ್ಟು: “ಕೊನೀ ರೈಡ್ ತಪ್ಪು ಹೇಳಿದ್ರಿ. ನೀವು ಹೇಳಿದಾಂಗಿದ್ರ ಅದು ಬೋನಸ್ ಪಾಯಿಂಟ್.”

“ಕಾರಿನಾಗ ನನ್ನ ಕೇಳಕೋತ ಬಂದ್ರಾ?”

“ಮತ್ತ ಯಾರನ್ನ ಕೇಳ್ಲಿ?”

ಅವಳು ನಕ್ಕಳು, ನಗುವಿನ ನಡುವೆಯೇ ಅತ್ತಳು. ಅವನ ಕೈ ಹಿಡಿದಾಗ ಅಂಗೈ ಒರಟಾಗಿತ್ತು, ಬೆರಳು ತಣ್ಣಗಿದ್ದವು.

“ವಾಡಿದಾಗ ಸುಳ್ಳು ಹೇಳಿದೆ,” ಎಂದ, ಮಾತಿನ ನಡುವೆ ನಿಲ್ಲುತ್ತ. “ಬ್ಯಾರೆಯವರ ಬಾಜೂ ನೀವು ಕುಂತ್ರ… ನನಗ ತಡಕೊಳ್ಳಲಿಕ್ಕ ಆಗಂಗಿಲ್ಲ.”

“ಗೊತ್ತದ,” ಎಂದಳು. “ಅದಕ್ಕ ನಾ ಕುಂದರಂಗಿಲ್ಲ.”

ಅವಳ ತಂದೆ ಗುಲಾಮ ದಸ್ತಗೀರ, ಚಿತ್ತಾಪುರದ ಶಾಲಾ ಮಾಸ್ತರು, ಮದುವೆಯ ಮಾತು ಕೇಳಿ ಹನ್ನೊಂದು ದಿನ ಮಗಳ ಜೊತೆ ಮಾತು ಬಿಟ್ಟರು. ಹನ್ನೆರಡನೇ ದಿನ ಊಟಕ್ಕೆ ಕೂತು, ತಟ್ಟೆ ಸರಿಸಿ ಕೇಳಿದರು. “ನಿನ್ನ ವಿಧವಾ ಮಾಡಲಿಕ್ಕ ನಾನೇ ಮುಂದ ನಿಂದರಬೇಕೇನು?”

“ನೀವು ನಿಂದರಲಿಲ್ಲಂದ್ರೂ ನಾ ಅದೇ ಆಗ್ತೀನಿ, ಅಬ್ಬಾ. ಹೆಸರಿಲ್ಲದಾಂಗ ಆಗ್ತೀನಿ, ಅಷ್ಟೇ.”

ಮಾಸ್ತರು ಎದ್ದು ಕೈ ತೊಳೆದರು. ಎಷ್ಟೋ ಹೊತ್ತು ನಲ್ಲಿ ಹರಿಯುತ್ತಲೇ ಇತ್ತು.

ನಿಕಾಹ್ ಶಹಾಬಾದಿನ ಅವನ ಮನೆಯಲ್ಲಿ ಆಯಿತು, ಶುಕ್ರವಾರದ ನಮಾಜಿನ ನಂತರ. ಎರಡು ಕೋಣೆಯ ಮನೆ, ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಎಂಟು ಜನ ಬಂದಿದ್ದರು. ಪರದೆಯ ಈಚೆ ಸಾಯಿರಾ. ಅವಳು ತನ್ನ ಒಪ್ಪಿಗೆಯನ್ನು ಸ್ಪಷ್ಟವಾಗಿ, ತಡವರಿಸದೆ ಹೇಳಿ ಮುಗಿಸಿದ್ದಳು.

ಆಚೆ ಖಾಜಿ ಅಬ್ದುಲ್ ಕರೀಮ್ ಸಾಹೇಬರು ಅವನ ಒಪ್ಪಿಗೆಯನ್ನು ಮೂರರಲ್ಲಿ ಮೊದಲ ಸಲ ಕೇಳಿದರು. ಅವನ ತಾಯಿ ಸುಗರಾಬಿ ಮಾಸ್ಕ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಖುಬೂಲ್ ಹೈ.”

ಎರಡನೆಯ ಸಲ ಕೇಳಿದಾಗ ಎದೆ ಮೇಲೆ ಕೆಳಗೆ ಆಡಿತು. “ಖುಬೂಲ್… ಹೈ.”

ಮೂರನೆಯದು ಬರಲಿಲ್ಲ. ತಾಯಿ ಮಾಸ್ಕ್ ಹತ್ತಿರ ತಂದಳು. ಅವನು ತಲೆ ಅಲ್ಲಾಡಿಸಿ ಬೇಡ ಎಂದ. ಅವನ ಉಸಿರು ಎಳೆಯುವ ಸದ್ದು ಮಾತ್ರ ಪರದೆ ದಾಟಿ ಬರುತ್ತಿತ್ತು. ಸಾಯಿರಾ ತುಟಿ ಕಚ್ಚಿಕೊಂಡು ಕೂತಳು.

ಅಷ್ಟರಲ್ಲಿ ಅವಳ ತಂದೆಯ ದನಿ ಕೇಳಿಸಿತು. ಮೂಲೆಯಲ್ಲಿದ್ದ ಅವರು ಎದ್ದು ಬಂದು ಮಂಚದ ಮೇಲೆ ಅವನ ಪಕ್ಕ ಕೂತಿದ್ದರು, ಬೆನ್ನಿಗೆ ಕೈ ಕೊಟ್ಟು.

“ಅವಸರ ಇಲ್ಲ, ಬೇಟಾ. ಎಲ್ಲಾರೂ ಕುಂತೀವಿ. ಸಾವಕಾಶ ಹೇಳು.”

ಎಲ್ಲರೂ ಕಾದರು. ಕೊನೆಗೆ ಅವನು ಹೇಳಿದ. ಸಣ್ಣ ದನಿಯಲ್ಲಿ, ಆದರೆ ಪೂರ್ತಿಯಾಗಿ.