ಒಂದು ಗುಟುಕೂ ಬೇಡವೆಂದವನು

ಆನ್ಸೆಲ್ಮೊ ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆಯನ್ನು ತೆಗೆದುಕೊಂಡ. ಕೊಳವೆಯನ್ನು ತುಟಿಯ ಹತ್ತಿರ ತಂದು, ಹೀರದೆ ಹಾಗೇ ವಾಪಸ್ ಕೊಟ್ಟ.

"ಥ್ಯಾಂಕ್ಸ್, ಡೆಲ್ಮಿರಾ."

ಡೆಲ್ಮಿರಾ ಬುರುಡೆ ಹಿಡಿದು ಅವನನ್ನೇ ನೋಡಿದಳು. ಗೋಯಾ ಊರಿನಲ್ಲಿ ಬುರುಡೆ ಕೊಡುತ್ತಾ ಥ್ಯಾಂಕ್ಸ್ ಎಂದರೆ, ನಿನ್ನ ಕೈಯಿಂದ ಇನ್ನು ಸಾಕು ಎಂದೇ ಲೆಕ್ಕ. ತನ್ನನ್ನು ಮದುವೆಯಾಗಬೇಕಿದ್ದ ಈ ಹುಡುಗ ಕೆಟಲ್ ಖಾಲಿಯಾಗದೆ ಏಳುತ್ತಿರಲಿಲ್ಲ. ಇವತ್ತೇನು ಬಂತು ಇವನಿಗೆ?

ಜನವರಿ ಅಂದರೆ ಅಲ್ಲಿ ನಡುಬೇಸಿಗೆ; ಆ ಉರಿಬಿಸಿಲಲ್ಲಿ ಕಿವಿ ಮುಚ್ಚಿ ಮಫ್ಲರ್ ಬೇರೆ. ಮುಖ ಆಚೆ ಕಡೆ.

'ಯಾವಳೋ ಇದ್ದಾಳೆ...'

ಅನುಮಾನ ಒಮ್ಮೆ ಹೊಕ್ಕರೆ ಸುಮ್ಮನೆ ಕೂರುತ್ತದೆಯೇ? ಸಂಜೆಯಾದರೆ ಅವನು ನಾಟಿವೈದ್ಯೆ ಪಾಸ್ತೋರಾಳ ಮನೆಗೆ ನುಗ್ಗುವುದನ್ನು ಇವಳೇ ಕಂಡಿದ್ದಳು. ಅಲ್ಲಿ ಮೊಮ್ಮಗಳು ನಿಲ್ಡಾ ಇದ್ದಾಳೆ, ಊರಿಗೆಲ್ಲ ಕಣ್ಣು ಹೊಡೆಯುವವಳು.

"ನಿಲ್ಡಾ ಕೈರುಚಿ ಹತ್ತಿತಾ?"

"ಏನಂದೆ?"

"ಓಹೋ, ಈಗ ಕಿವೀನೂ ಕೇಳಲ್ವಾ?"

ಅವನು ಎದ್ದ. "ನಾನು ಅಣ್ಣನ ಊರಿಗೆ ಹೋಗ್ತೀನಿ. ನೀನು ಬೇರೆ ಯಾರನ್ನಾದ್ರೂ ನೋಡ್ಕೋ."

ಮಾತು ಒಂದು ಬದಿಯಿಂದ ಸೋರಿದಂತೆ ಬಂತು. 'ಕುಡಿದಿದ್ದಾನಾ?' ಡೆಲ್ಮಿರಾ ಮಫ್ಲರನ್ನು ಹಿಡಿದೆಳೆದಳು.

ಎಡಗಿವಿಯ ತುಂಬ ಗುಳ್ಳೆಗಳು. ಸುತ್ತ ಕಪ್ಪು ಮಸಿಯ ಗೆರೆ. ಎಡಗಣ್ಣು ಮುಚ್ಚುತ್ತಿಲ್ಲ, ತುಟಿಯ ಎಡ ತುದಿ ಜೋತುಬಿದ್ದಿದೆ.

"ಸರ್ಪಸುತ್ತು," ಎಂದ ಆನ್ಸೆಲ್ಮೊ. "ಹಾವಿನ ತಲೆ ಬಾಲ ಸೇರ್ಬಾರ್ದು ಅಂತ ಪಾಸ್ತೋರಾಜ್ಜಿ ಮಸಿ ಗೆರೆ ಹಾಕಿದ್ರು. ವಾಸಿ ಆಗೋವರೆಗೂ ಯಾರಿಗೂ ಹೇಳ್ಬೇಡ ಅಂದ್ರು. ನಿನ್ನೆಯಿಂದ ಮುಖ ಹಿಂಗಾಗಿದೆ. ಕೊಳವೆ ಹೀರಕ್ಕೇ ಆಗಲ್ಲ... ಈ ಮೂತಿ ಇಟ್ಕೊಂಡು ನಿನ್ನ ಕಟ್ಕೊಳ್ಳಲಾ?"

"ಕತ್ತೆ," ಎಂದಳು, ಅಳುತ್ತಲೇ. "ನಾನು ನಿಲ್ಡಾ ಜುಟ್ಟು ಹಿಡಿಯೋಕೆ ಹೊರಟಿದ್ದೆ. ನಡಿ ಆಸ್ಪತ್ರೆಗೆ."

ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ ಹೇಳಿದರು. "ವೈರಸ್ ಮುಖದ ನರಕ್ಕೆ, ಕಿವಿಗೆ ಇಳಿದಿದೆ. ಅಪರೂಪಕ್ಕೆ ಮಿದುಳಿನ ರಕ್ತನಾಳಕ್ಕೂ ಹೋಗಿ ಲಕ್ವ ಹೊಡೆಸುತ್ತೆ. ಇವರಿಗೆ ಅಲ್ಲಿವರೆಗೆ ಹೋಗಿಲ್ಲ. ಈಗಲೇ ಔಷಧಿ ಶುರು ಮಾಡೋಣ. ಆದ್ರೆ ನಗು ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲಾರೆ."

ಮರುದಿನ ಡೆಲ್ಮಿರಾ ವಾರ್ಡಿಗೇ ಕೆಟಲ್ ತಂದಳು. ಅವನ ಸೋತ ತುಟಿಯನ್ನು ತನ್ನ ಬೆರಳುಗಳಿಂದ ಕೊಳವೆಯ ಸುತ್ತ ಒತ್ತಿ ಹಿಡಿದಳು. ಆನ್ಸೆಲ್ಮೊ ಹೀರಿದ. ಗಲ್ಲದ ಮೇಲೆ ಇಳಿದದ್ದನ್ನು ಅವಳು ತನ್ನ ಅಂಗಿಯ ತೋಳಿನಿಂದಲೇ ಒರೆಸಿದಳು.

ಆಮೇಲೆ ಅವನ ಬಲಗಡೆಗೆ, ಕೇಳಿಸುವ ಕಿವಿಯ ಹತ್ತಿರ ಬಂದು ಕೂತಳು.

"ನಗು ಬರದಿದ್ರೆ ಬಿಡು. ನಂಗೆ ನೀನು ಬೇಕು."

ಅವನ ಒಂದು ಕಣ್ಣು ತುಂಬಿತು, ಮುಚ್ಚದ ಇನ್ನೊಂದು ಆಗಲೇ ಸುರಿಯುತ್ತಿತ್ತು. ಬುರುಡೆಯನ್ನು ಅವಳ ಕೈಗಿಟ್ಟ.

"ಥ್ಯಾಂಕ್ಸ್ ಅಂದ್ರೆ ನೋಡು ಮತ್ತೆ," ಎಂದಳು.

"ಅನ್ನಲ್ಲ... ಇನ್ನೊಂದು ಹಾಕು."