ಕೆಂಪು ಪಟ್ಟಿಯ ಕ್ಯಾನು

ಸಾಲು ಕ್ಯಾನುಗಳ ನಡುವೆ ಕೆಂಪು ಪಟ್ಟಿಯದರ ಮುಚ್ಚಳ ತೆಗೆದ ಪಕ್ಕೀರಮ್ಮ ಮೊದಲು ಕೂಗಲಿಲ್ಲ. ಬಗ್ಗಿ ಇನ್ನೊಮ್ಮೆ ನೋಡಿದಳು. ಬೆಳಿಗ್ಗೆ ತಾನೇ ಕರೆದು ಸುರಿದಿಟ್ಟ ಮೇಕೆ ಹಾಲು ಇರಲಿಲ್ಲ. ತಳದಲ್ಲಿ ಒಂದು ಹಿಡಿ ಜೋಳ, ಅದರ ಮೇಲೊಂದು ಚೂರು ಬೆಲ್ಲ.

ಆಮೇಲೆ ಕೂಗಿದಳು.

ಕಾನಹೊಸಹಳ್ಳಿ ಠಾಣೆಯ ಎಸ್‌ಐ ಪುಷ್ಪಲತಾ ಆ ಸರಕಾರಿ ಮೇಕೆ ಫಾರ್ಮಿಗೆ ಬಂದಾಗ ಊಟದ ಹೊತ್ತು ದಾಟಿತ್ತು. ಹೆದ್ದಾರಿಯಿಂದ ಒಳಗೆ, ಶೇಂಗಾ ಹೊಲಗಳ ನಡುವೆ, ಎರಡು ಸುತ್ತು ತಂತಿಬೇಲಿ. ಒಂದೇ ಗೇಟು. ಜೀಪಿನಿಂದ ಇಳಿಯುತ್ತಲೇ ಕಾನ್‌ಸ್ಟೆಬಲ್ ಹುಲುಗೇಶ್ ಗೊಣಗಿದ.

"ಹಾಲು ಕಳುವಿಗೂ ನಾವ ಬರಬೇಕೇನ್ರಿ ಮೇಡಂ? ನಮ್ಮನ್ಯಾಗ ಬೆಕ್ಕು ದಿನಾ ಕದೀತೈತಿ."

"ನಿಮ್ಮ ಬೆಕ್ಕು ಜೋಳ ಇಟ್ಟು ಹೋಗತೈತೇನು?"

ಹುಲುಗೇಶ್ ಗೇಟು ತೆಗೆಸಲು ಹೋದ.

ಫಾರ್ಮಿನ ಮುಖ್ಯಸ್ಥೆ ಡಾಕ್ಟರ್ ಅರ್ಚನಾ ಹಾಲಿಡುವ ತಣ್ಣನೆಯ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ದಾವಣಗೆರೆ ಕಡೆಯವಳು. ಮಾತು ಸ್ಪಷ್ಟವಾಗಿತ್ತು.

"ಇವು ಸಾಮಾನ್ಯ ಮೇಕೆಗಳಲ್ಲ. ಹುಟ್ಟೋ ಮುಂಚೆನೇ ಇವುಗಳಲ್ಲಿ ಮನುಷ್ಯರ ಒಂದು ಜೀನು ಸೇರಿಸಿರ್ತೀವಿ. ನಮ್ಮ ರಕ್ತದಲ್ಲಿರೋ ಒಂದು ಪ್ರೋಟೀನು ಇವುಗಳ ಹಾಲಲ್ಲಿ ಬರುತ್ತೆ. ನಾಳದೊಳಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋದು ಅದೇ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ. ಅಂಥ ಹೆಣ್ಣುಮಕ್ಕಳು ಬಸುರಾದ್ರೆ ಕಾಲಲ್ಲಿ ಹೆಪ್ಪು ಕಟ್ಟುತ್ತೆ. ಅದು ಶ್ವಾಸಕೋಶಕ್ಕೆ ಏರಿದ್ರೆ ಜೀವಕ್ಕೇ ಕಷ್ಟ."

"ಈ ಹಾಲು ಕುಡಿದ್ರ ಹುಷಾರಾಗ್ತಾರಾ?"

"ಇಲ್ಲ. ಕುಡಿದ್ರೆ ಬರೀ ಹಾಲು. ಹೊಟ್ಟೆ ಅದನ್ನ ಅರಗಿಸಿಬಿಡುತ್ತೆ. ಹಾಲಿಂದ ಬೇರೆ ಮಾಡಿ, ಶುದ್ಧ ಮಾಡಿ, ರಕ್ತಕ್ಕೇ ಕೊಡಬೇಕು. ನಾವಿನ್ನೂ ಪರೀಕ್ಷೆ ಮಾಡ್ತಿದ್ದೀವಿ. ಒಂದು ತೊಟ್ಟೂ ಬೇಲಿ ದಾಟಬಾರದು ಅಂತ ನಿಯಮ."

"ಊರೋರಿಗೆ ಇದು ಗೊತ್ತೈತಾ?"

"ಸುಳ್ಳುಸುದ್ದಿ ಹಬ್ಬಬಾರದು ಅಂತ ನಾನೇ ಎಲ್ಲರನ್ನೂ ಕರೆಸಿ ತೋರಿಸಿದ್ದೆ. ಕೆಂಪು ಪಟ್ಟಿ ಇರೋ ಕ್ಯಾನಲ್ಲಿ ಬಸುರಿಯರ ಜೀವ ಉಳಿಸೋ ಔಷಧಿ ಇದೆ ಅಂತ ಹೇಳಿದ್ದೆ."

"ಕುಡಿದ್ರ ಉಪಯೋಗಿಲ್ಲ ಅಂತ?"

ಅರ್ಚನಾ ಕಣ್ಣು ಕೆಳಗೆ ಮಾಡಿದಳು. "ಅದನ್ನ ಹೇಳಬೇಕು ಅಂತ ಹೊಳೀಲಿಲ್ಲ."

ಪುಷ್ಪಲತಾ ಕೈಗಡಿಯಾರ ನೋಡಿಕೊಂಡಳು. ಹಾಲು ಯಾವನೋ ಕಳ್ಳವ್ಯಾಪಾರಿಯ ಕೈಗೆ ಹೋಗಿದ್ದರೆ ಅವಸರವಿಲ್ಲ. ಯಾವಳೋ ಬಸುರಿ ಅದನ್ನು ನಂಬಿ ಕುಡಿದು, ಆಸ್ಪತ್ರೆಯ ಔಷಧಿ ಬಿಟ್ಟಿದ್ದರೆ?

* * *

ಮೊದಲ ಸುಳಿವನ್ನು ಹುಲುಗೇಶನೇ ಹಿಡಿದು ತಂದ. ಲ್ಯಾಬಿನ ಟೆಕ್ನಿಷಿಯನ್ ಭರತ್, ಅವನ ಬೈಕು, ಬೈಕಿಗೆ ಕಟ್ಟಿದ ಐಸು ಡಬ್ಬಿ.

"ಹಾಲಿನ ಸ್ಯಾಂಪಲ್ ಒಯ್ಯೋ ಡಬ್ಬೀರಿ ಇದು. ಬೀಗ ಹಾಕ್ಯಾನ. ಕೇಳಿದ್ರ ಬೆವರ್ತಾನ."

"ತಗಿ."

ಭರತ್ ಕೀಲಿ ತಿರುಗಿಸಿದ. ಕೋಣೆ ತುಂಬ ಪರಿಮಳ. ಐಸಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯಲ್ಲಿ ಹಡಗಲಿ ಮಲ್ಲಿಗೆಯ ದಂಡೆ.

"ಕೊಟ್ಟೂರಿಗೆ ಒಯ್ಯಬೇಕಿತ್ರಿ," ಭರತ್ ನೆಲ ನೋಡಿದ. "ನಿಶ್ಚಯ ಆಗೈತಿ. ಬಿಸಿಲಿಗೆ ಬಾಡ್ತಾವ ಅಂತ..."

"ಸರಕಾರಿ ಐಸಿನಾಗ ಪ್ರೀತಿ ಕಾದಿಟ್ಟಾನ!" ಎಂದ ಹುಲುಗೇಶ್. ಪಕ್ಕೀರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅರ್ಚನಾಗೆ ಮಾತ್ರ ನಗು ಬರಲಿಲ್ಲ.

ಪುಷ್ಪಲತಾ ಕ್ಯಾನಿನೊಳಗೆ ಕೈಹಾಕಿ ನಾಲ್ಕು ಕಾಳು ಜೋಳ ತೆಗೆದಳು. ಬಿಳಿ ಜೋಳ. ಕಲ್ಲಿಲ್ಲ, ಹೊಟ್ಟಿಲ್ಲ. ಯಾರೋ ಮೊರದಲ್ಲಿ ಕೇರಿ ಹಸನು ಮಾಡಿದ್ದರು.

"ಮುಟ್ಟಬ್ಯಾಡ್ರಿ ಮೇಡಂ, ಮಾಟ ಇರಬಹುದು," ಎಂದ ಹುಲುಗೇಶ್.

"ಮಾಟ ಮಾಡೋರು ಜೋಳ ಹಸನು ಮಾಡ್ತಾರೇನೋ?"

ಅವಳಿಗೆ ತನ್ನ ಅಡುಗೆಮನೆಯ ಗೂಡು ನೆನಪಾಯಿತು. ಪಕ್ಕದ ಮನೆಯ ನಾಗಲಿಂಗಮ್ಮ ಹೋಳಿಗೆ ಕೊಟ್ಟಿದ್ದ ಸ್ಟೀಲು ಡಬ್ಬಿ ಅಲ್ಲಿ ಕೂತು ವಾರವಾಗಿತ್ತು. ತೊಳೆದಿಟ್ಟಿದ್ದಳು. ಕೊಡಲು ಮನಸ್ಸಾಗಿರಲಿಲ್ಲ. ಡಬ್ಬಿಯಲ್ಲಿ ಏನನ್ನಾದರೂ ಹಾಕಿ ಕೊಡಬೇಕು, ಹಾಕುವಂಥದ್ದೇನನ್ನೂ ಮಾಡಲು ಪುರುಸೊತ್ತಾಗಿಲ್ಲ. ಠಾಣೆಗೆ ಹೊರಡುವಾಗ ದಿನಾ ಆ ಡಬ್ಬಿ ಅವಳನ್ನೇ ನೋಡುತ್ತಿತ್ತು. ಏನೂ ಸಿಗದಿದ್ದರೆ ಕೊನೆಗೆ ಒಂದು ಹಿಡಿ ಕಾಳು, ಒಂದು ಚೂರು ಬೆಲ್ಲ ಹಾಕುತ್ತಿದ್ದಳು ಅವಳವ್ವ.

ಪುಷ್ಪಲತಾ ಕೈಯಲ್ಲಿದ್ದ ಕಾಳುಗಳನ್ನು ಮೆಲ್ಲಗೆ ಮುಚ್ಚಿ ಹಿಡಿದಳು.

"ಪಕ್ಕೀರಮ್ಮ, ಈಚೀಚೆ ಹಾಲು ಕಡಿಮಿ ಬರ್ತಿತ್ತೇನು?"

"ಹೌದ್ರಿ. ಕ್ಯಾನಿನ್ಯಾಗ ಇಟ್ಟಿದ್ದು ಸಂಜಿಗೆ ಚೂರು ಇಳೀತಿತ್ತು. ನನ್ನ ಕಣ್ಣ ಸರಿ ಇಲ್ಲ ಅಂದ್ಕಂಡಿದ್ದೆ. ಇವತ್ತು ಕರದಿದ್ದ ಸ್ವಲ್ಪ, ಪೂರಾ ಹೋಗೇತಿ."

* * *

ಗೇಟಿನ ಕಾವಲುಗಾರ ಹಾಲಸ್ವಾಮಿ ಎದೆ ಸೆಟೆಸಿ ನಿಂತ.

"ನನ್ನ ಕಣ್ಣು ತಪ್ಪಿಸಿ ಒಂದು ನೊಣಾನೂ ಹೋಗಂಗಿಲ್ರಿ. ಡಾಕ್ಟರಮ್ಮನ ಚೀಲಾನೂ ತಗಿಸಿ ನೋಡ್ತೀನಿ."

"ಛಲೋ. ಇವತ್ತು ಊಟ ಏನು ಮಾಡಿದಿ?"

ಅವನು ತಬ್ಬಿಬ್ಬಾದ. "ರೊಟ್ಟಿ, ಬದನಿಕಾಯಿ ಪಲ್ಲೆ."

"ಬುತ್ತಿ ಎಲ್ಲಿ? ಇಲ್ಲಿ ಕಾಣವಲ್ದು."

"ಅವ್ವ ಒಯ್ದಳ್ರಿ. ದಿನಾ ಆಕೀನ ತರ್ತಾಳ. ನಾ ಉಣ್ಣೋತನ ಪಕ್ಕೀರಮ್ಮನ ಕೂಡ ಮಾತಾಡ್ಕಂತ ಒಳಗ ಅಡ್ಡಾಡಿ ಬರ್ತಾಳ."

"ಹೋಗುವಾಗ ಆಕಿ ಕ್ಯಾರಿಯರ್ ತಗಿಸಿ ನೋಡಿದ್ಯಾ?"

ಹಾಲಸ್ವಾಮಿಯ ಎದೆ ತಾನಾಗಿಯೇ ಇಳಿಯಿತು.

"ನಮ್ಮವ್ವ ರೀ..."

"ಮನ್ಯಾಗ ಬಸುರಿ ಯಾರರ ಅದಾರೇನು?"

"ನನ್ನ ಹೆಂಡ್ತಿ, ರಮಾ. ಹಿಂದೊಂದು ಕೂಸು ಹೊಟ್ಟ್ಯಾಗ ತೀರಿಹೋಗೇತಿ. ರಕ್ತ ಹೆಪ್ಪಾಗ್ತೈತಿ ಅಂತ ಬಳ್ಳಾರಿ ಡಾಕ್ಟ್ರು ದಿನಾ ಇಂಜೆಕ್ಷನ್ ಬರದಾರ."

"ತಗೊಳ್ಳಾಕ ಹತ್ಯಾಳೇನು?"

ಅವನಿಗೆ ಗೊತ್ತಿರಲಿಲ್ಲ. ಪುಷ್ಪಲತಾ ಆಗಲೇ ಜೀಪು ಹತ್ತಿದ್ದಳು. "ನೀನೂ ಬಾ. ಡಾಕ್ಟ್ರೇ, ನೀವೂ ಬರ್ರಿ."

* * *

ಹಾಲಸ್ವಾಮಿಯ ತಾಯಿ ಎರ್ರಮ್ಮ ಅಂಗಳದಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದಳು. ಖಾಕಿ ಕಂಡು ಎದ್ದು ನಿಂತಳು. ಓಡಲಿಲ್ಲ.

"ಕದ್ದಿಲ್ಲವ್ವ," ಎಂದಳು, ಯಾರೂ ಕೇಳುವ ಮೊದಲೇ. "ಹೇಳದಂಗ ತಗಂಡೆ, ಖರೆ. ದಿನಾ ಒಂದು ವಾಟಗಾ ಹಾಲು ತಗೀತಿದ್ದೆ. ಇವತ್ತು ಪಾತ್ರಿ ಬರಿದಾತು. ಬರಿ ಪಾತ್ರಿ ಹೆಂಗ ಬಿಟ್ಟು ಬರ್ಲಿ? ರೊಟ್ಟಿಗೆ ಹಸನು ಮಾಡಿದ್ದ ಜೋಳ, ಚೂರು ಬೆಲ್ಲ ಸೀರಿ ಉಡ್ಯಾಗ ಇತ್ತು. ಹಾಕಿ ಬಂದೆ."

"ಇಂಜೆಕ್ಷನ್ ಎಲ್ಲಿ ಅವ್ವ?"

ಎರ್ರಮ್ಮ ಗೂಡಿನತ್ತ ನೋಡಿದಳು. ಒಡೆಯದ ಡಬ್ಬಿಗಳು ಒಂದರ ಮೇಲೊಂದು ಕೂತಿದ್ದವು.

ರಮಾ ಹೊರಸಿನ ಮೇಲೆ ಒರಗಿದ್ದಳು. ಅರ್ಚನಾ ಅವಳ ಸೀರೆಯ ಅಂಚು ಸರಿಸಿದಳು. ಎಡಗಾಲು ಬಲಗಾಲಿಗಿಂತ ದಪ್ಪವಾಗಿತ್ತು, ಕೆಂಪಗೆ ಬಿಗಿದಿತ್ತು.

"ನಿನ್ನೆಯಿಂದ ನೋಯ್ತೈತ್ರಿ," ಎಂದಳು ರಮಾ. "ಬಸುರಿಗೆ ಕಾಲು ಬಾವು ಬರೋದು ಸಹಜ ಅಂತ ಸುಮ್ನಿದ್ದೆ."

"ಎರಡೂ ಕಾಲು ಬಾತಿಲ್ಲ, ಒಂದೇ ಬಾತಿದೆ," ಎಂದಳು ಅರ್ಚನಾ, ಪುಷ್ಪಲತಾಳ ಕಡೆ ತಿರುಗಿ. "ಈಗಲೇ ಹೊರಡಬೇಕು."

ಹಾಲಸ್ವಾಮಿ ಹೆಂಡತಿಯನ್ನು ಎತ್ತಿಕೊಂಡ. ಎರ್ರಮ್ಮ ಅವನ ಹಿಂದೆ ಓಡಿದಳು. "ಹೊಟ್ಟಿ ನೋಡ್ರವ್ವ ಇಕಿದು! ಚುಚ್ಚಿ ಚುಚ್ಚಿ ನೀಲಿಗಟ್ಟಿತ್ತು. ದಿನಾ ಸೂಜಿ ಹಿಡದು ಅಳ್ತಿದ್ಲು. ಡಾಕ್ಟ್ರಮ್ಮನ ಹೇಳಿದ್ಲಲ್ಲ, ಔಷಧಿ ಹಾಲಿನ್ಯಾಗ ಐತಿ ಅಂತ!"

ಜೀಪಿನಲ್ಲಿ ರಮಾ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೀಗಷ್ಟ ಅನಬ್ಯಾಡ್ರಿ. ಸೂಜಿ ಬಿಡು ಅಂದಾಗ ನನಗೂ ಹಬ್ಬ ಆಗಿತ್ತು."

* * *

ಕೂಡ್ಲಿಗಿ ಆಸ್ಪತ್ರೆಯಲ್ಲಿ ಮೊದಲ ಔಷಧಿ ಏರಿಸಿದರು. ಅಲ್ಲಿಂದ ಆ್ಯಂಬುಲೆನ್ಸ್ ಬಳ್ಳಾರಿಗೆ ಹೋಯಿತು. ಹೆಪ್ಪು ಇನ್ನೂ ಕಾಲಲ್ಲೇ ಇತ್ತು. ಕೂಸಿನ ಎದೆಬಡಿತ ಚೆನ್ನಾಗಿತ್ತು.

ಬಳ್ಳಾರಿ ಆಸ್ಪತ್ರೆಯ ಹೊರಗೆ ಚಹಾ ಹಿಡಿದು ಹುಲುಗೇಶ್ ಕೇಳಿದ, "ಮುದುಕೀನ ಅಂತ ಹೆಂಗ ಗೊತ್ತಾತ್ರಿ ಮೇಡಂ?"

"ಕಳ್ಳ ಆಗಿದ್ರ ಕ್ಯಾನನ್ನ ಒಯ್ತಿದ್ದ. ಇಲ್ಲಾ ನೀರು ತುಂಬಿಡ್ತಿದ್ದ. ತಾನು ಕದ್ದೀನಿ ಅಂತ ಅನ್ನಿಸದಿರೋರು ಮಾತ್ರ ಕಾಳು ಬೆಲ್ಲ ಇಡ್ತಾರ. ಅದು ಅಡಗಿಮನಿ ಕೈ. ಕೆಂಪು ಪಟ್ಟೀದನ್ನ ಆರಿಸಿದ್ರು ಅಂದ್ರ ಡಾಕ್ಟ್ರಮ್ಮ ಊರೋರಿಗೆ ಹೇಳಿದ ಮಾತು ಕೇಳಿದವರು. ಪಕ್ಕೀರಮ್ಮನ್ನ ಹಾಲಸ್ವಾಮಿ ದಿನಾ ತಪಾಸ್ ಮಾಡ್ತಿದ್ದ. ಹಾಲಸ್ವಾಮಿ ಯಾರನ್ನ ತಪಾಸ್ ಮಾಡಂಗಿಲ್ಲ? ಅಷ್ಟ ಉಳೀತು."

ಅರ್ಚನಾ ಹತ್ತಿರ ಬಂದಳು. ದೂರು ವಾಪಸು ತೆಗೆದುಕೊಳ್ಳುವುದಾಗಿ ಹೇಳಿದಳು. ಊರಿನವರನ್ನು ಮತ್ತೆ ಕರೆಸುತ್ತಾಳಂತೆ. "ಈ ಸಲ ಮೊದಲು ಹೇಳೋದು ಕುಡಿಯೋ ವಿಷಯ," ಎಂದಳು.

ಪುಷ್ಪಲತಾ ಜೀಪಿನಿಂದ ಕ್ಯಾರಿಯರ್ ತಂದಳು. ಸಾಕ್ಷಿ ಎಂದು ಹಿಡಿದಿಟ್ಟದ್ದು. ವಾರ್ಡಿನ ಬಾಗಿಲಲ್ಲಿ ಮುದುಡಿ ಕೂತಿದ್ದ ಎರ್ರಮ್ಮನ ಮುಂದೆ ಇಟ್ಟಳು.

"ನಿಮ್ಮ ಪಾತ್ರಿ."

ಎರ್ರಮ್ಮ ಎತ್ತಿದಳು. ಭಾರವಿತ್ತು. ಮುಚ್ಚಳ ತೆಗೆದಳು. ಮೇಲಿನ ಬಟ್ಟಲಲ್ಲಿ ಒಂದು ಅಚ್ಚು ಬೆಲ್ಲ. ಕೆಳಗಿನದರಲ್ಲಿ, ಗೂಡಿನಿಂದ ತಂದ ರಮಾಳ ಇಂಜೆಕ್ಷನ್ ಡಬ್ಬಿಗಳು.

ಮುದುಕಿ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ನರ್ಸಿನ ಬಳಿ ಹೋದಳು.

"ಹೆಂಗ ಚುಚ್ಚೋದು ಅಂತ ನನಗ ಕಲಿಸವ್ವ," ಎಂದಳು. "ಇನ್ನ ಮ್ಯಾಲ ಇಕಿ ಒಬ್ಬಾಕಿನ ಅಳೋದು ಬ್ಯಾಡ."